ಎಡಗಡೆಯ ಪೆಟ್ಟಿಗೆ, ಬಲಗಡೆಯ ಪೆಟ್ಟಿಗೆ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗೊರವಂಕ,

ಹೇಗಿದ್ದೀಯೇ? ಉತ್ತರ ತಡವಾಯಿತೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಈ ಸಲ ಕಾರಣ ಸೋಮಾರಿತನವಲ್ಲ, ಅಂಟು. ಬೆರಳುಗಳಿಗೆಲ್ಲ ಮರದ ಅಂಟು ಮೆತ್ತಿಕೊಂಡು, ಪೆನ್ನು ಹಿಡಿದರೆ ಪೆನ್ನೇ ನನ್ನನ್ನು ಬಿಡುತ್ತಿರಲಿಲ್ಲ. ಹೌದು ಕಣೇ, ನಿನ್ನ ಅಕ್ಕ ಈ ವಯಸ್ಸಿನಲ್ಲಿ ಬಡಗಿಯಾಗಿದ್ದಾಳೆ.

ಮೊದಲು ನಿನ್ನ ಪತ್ರದ ವಿಷಯ. "ನಿಮ್ಮನೆಗೆ ಬಂದು ಏನು ಮಾಡಲಿ? ಎಲ್ಲರೂ ನನ್ನ ಬಾಯಿ ನೋಡ್ತಾ ಕೂರೋದಕ್ಕಾ?" ಎಂದು ಬರೆದಿದ್ದೀಯ. ಗಂಟಲಿನ ಆಪರೇಷನ್ ಆದಾಗಿನಿಂದ ಫೋನು ಮಾಡಿದರೆ ನಿನ್ನ ಯಜಮಾನರೇ ಎತ್ತುತ್ತಾರೆ, "ಚೆನ್ನಾಗಿದ್ದಾಳೆ ಅಕ್ಕ, ಇಲ್ಲೇ ಇದ್ದಾಳೆ, ಕೈಸನ್ನೆ ಮಾಡ್ತಿದ್ದಾಳೆ" ಎನ್ನುತ್ತಾರೆ. ಆ ಸನ್ನೆ ಏನೆಂದು ಕೇಳಿದರೆ "ಫೋನು ಇಡಿ ಅಂತ" ಎಂದು ಪಾಪ, ನಿಜವನ್ನೇ ಹೇಳಿಬಿಡುತ್ತಾರೆ. ಹಾಗಾಗಿ ಈ ಪತ್ರ. ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳದೆ ನಾನು ಬಿಡುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅಕ್ಕ ಉಪಾಯ ಮಾಡಿದಳು ಎನ್ನಬೇಡ.

ಈ ಬಡಗಿ ಕೆಲಸಕ್ಕೆಲ್ಲ ಮೂಲ ನಮ್ಮ ಹಳೆಯ ಟೇಪು. ಅಟ್ಟ ಗುಡಿಸುವಾಗ ಸಿಕ್ಕಿತು. ನನ್ನ ಮದುವೆಯ ಹೊಸತರಲ್ಲಿ ನಿನ್ನ ಭಾವ ಎಲ್ಲಿಂದಲೋ ಎರಡು ಮೈಕು ತಂದು, ನಡುವೆ ಹಾಸಿಗೆಯೊಂದನ್ನು ಗೋಡೆಯಂತೆ ನಿಲ್ಲಿಸಿ, ನನ್ನನ್ನು ಎಡಕ್ಕೆ, ನಿನ್ನನ್ನು ಬಲಕ್ಕೆ ಕೂರಿಸಿ ಹಾಡಿಸಿದ್ದರಲ್ಲ, ಅದೇ. ನಾನು ಒಂದು ಸಾಲು ಕೇಳುವುದು, ನೀನು ಒಂದು ಸಾಲು ಉತ್ತರ ಕೊಡುವುದು. "ಭಾವ, ನನ್ನ ದನಿಗೆ ಅಕ್ಕನ ದನಿ ಅಂಟಿಸಬೇಡಿ, ಬೇರೆ ಡಬ್ಬಿಗೆ ಹಾಕಿ" ಎಂದು ನೀನು ಜಂಬ ಮಾಡಿದ್ದೆ. ಅವರೂ ಹಾಗೇ ಮಾಡಿದರು, ನನ್ನ ದನಿ ಎಡಗಡೆಯ ಸ್ಪೀಕರಿನಿಂದ, ನಿನ್ನದು ಬಲಗಡೆಯದರಿಂದ ಬರುವ ಹಾಗೆ.

ಟೇಪೇನೋ ಸಿಕ್ಕಿತು. ಆದರೆ ಹಳೆಯ ಸ್ಪೀಕರುಗಳ ಕಾಗದವನ್ನು ಜಿರಳೆ ತಿಂದು ಜರಡಿ ಮಾಡಿತ್ತು. ನಿನ್ನ ಭಾವ ಹೊಸ ಜೋಡಿ ತರುತ್ತೇನೆ ಎಂದರು. ನಾನು, "ಸ್ಪೀಕರ್ ಮಾತ್ರ ತನ್ನಿ, ಪೆಟ್ಟಿಗೆ ನಾನು ಮಾಡ್ತೀನಿ" ಎಂದೆ. ಯಾಕೆ ಹಾಗಂದೆನೋ. ಬಾಯಿಂದ ಬಂತು, ಆಮೇಲೆ ಮರ್ಯಾದೆಯ ಪ್ರಶ್ನೆಯಾಯಿತು.

ಪ್ಲೈವುಡ್ ಹಲಗೆಗಳನ್ನು ಅಂಗಡಿಯಲ್ಲೇ ಕೊಯ್ಯಿಸಿ ತಂದೆವು. ಬಾಲ್ಕನಿ ನಮ್ಮ ಕಾರ್ಖಾನೆ. ಉಪ್ಪುಕಾಗದ ಹಾಕಿ ಉಜ್ಜಿದ ಧೂಳು ಒಣಗಲು ಹಾಕಿದ ಬಟ್ಟೆಗಳ ಮೇಲೆಲ್ಲ ಕೂತು, ಮಗಳು ಕಾಲೇಜಿನಲ್ಲಿ ಸೀನಿದ್ದೇ ಸೀನಿದ್ದು. ಎದುರುಮನೆಯಾಕೆ ತಮ್ಮ ಬಾಲ್ಕನಿಯಿಂದ ಕತ್ತು ಚಾಚಿ, "ಏನ್ರೀ ಅದು, ನಾಯಿಗೂಡಾ?" ಎಂದರು. "ಹಾಡೋ ಪೆಟ್ಟಿಗೆ" ಎಂದೆ. "ಹೌದಾ? ತೂತು ನೋಡಿದ್ರೆ ನಾಯಿಮರಿ ತರ್ತೀರೇನೋ ಅಂದ್ಕೊಂಡೆ" ಎಂದು ಬೇಸರದಿಂದ ಒಳಗೆ ಹೋದರು.

ಆ ತೂತಿನ ಕಥೆ ಕೇಳು. ಸ್ಪೀಕರಿಗೆ ಸುತ್ತಲೂ ಒಂದು ಅಂಚು ಇರುತ್ತದೆ. ಅದು ಹಲಗೆಯ ಮೇಲೆ ಕೂರಬೇಕು, ಉಳಿದ ಭಾಗ ಮಾತ್ರ ತೂತಿನೊಳಗೆ ಇಳಿಯಬೇಕು. ನಾನು ಅಂಚನ್ನೂ ಸೇರಿಸಿ ಅಳೆದುಕೊಟ್ಟೆ. ನಿನ್ನ ಭಾವ ಗೆರೆ ತಪ್ಪದೆ ಕೊರೆದರು, ಅದೂ ಎರಡು ಹಲಗೆಯಲ್ಲೂ. ಪೆಟ್ಟಿಗೆ ಅಂಟಿಸಿ, ಒಣಗಿಸಿ, ಮಗಳನ್ನು ಕರೆದು, ಗಂಭೀರವಾಗಿ ಸ್ಪೀಕರನ್ನು ತೂತಿಗಿಟ್ಟೆವು. ದಡ್! ಕೊಡ ಬಾವಿಗೆ ಬಿದ್ದ ಹಾಗೆ ಒಳಗೆ ಬಿತ್ತು. ಮೂವರೂ ಬಗ್ಗಿ ಒಳಗೆ ಇಣುಕಿದೆವು. ಆಮೇಲೆ ನಿನ್ನ ಭಾವ, "ಸರಿಯಾಗೇ ಕೂತಿದೆ, ಆದ್ರೆ ಒಳಗಡೆ" ಎಂದರು.

"ಅಳತೆ ಕೊಟ್ಟಿದ್ಯಾರು?" ಎಂದಳು ಮಗಳು.

"ಕೊರೆಯೋರು ಒಂದು ಸಲ ಇಟ್ಟು ನೋಡ್ಬಾರ್ದಿತ್ತಾ?" ಎಂದೆ ನಾನು.

"ಹೆಂಡತಿ ಮಾತು ಕೇಳಿದ್ದೇ ತಪ್ಪು ಅನ್ನು" ಎಂದರು ಅವರು.

ಕೊನೆಗೆ ಬಳೆಯಂಥ ಮರದ ಉಂಗುರ ಮಾಡಿ ತೂತಿನ ಮೇಲೆ ಕೂರಿಸಿದೆವು. ಪೆಟ್ಟಿಗೆಗಳು ಈಗ ಒಂಟಿ ಗಾಜಿನ ಕನ್ನಡಕ ಹಾಕಿಕೊಂಡ ಹಾಗಿವೆ. ಬಂದವರೆಲ್ಲ ಮೊದಲು ಆ ಉಂಗುರವನ್ನೇ ಹೊಗಳುವುದು. ನಾವು ಸುಮ್ಮನೆ ತಲೆಯಾಡಿಸುತ್ತೇವೆ.

ಒಳಗೆ ಹತ್ತಿ ತುಂಬಬೇಕು, ಇಲ್ಲದಿದ್ದರೆ ಶಬ್ದ ಒಳಗೊಳಗೇ ತಿರುಗಿ ಗೊಣಗುತ್ತದೆ. ಮನೆಯಲ್ಲಿ ಕೈಗೆ ಸಿಕ್ಕಿದ್ದು ನಿನ್ನ ಭಾವನ ದಿಂಬು. ಮಲಗುವಾಗ "ನನ್ನ ದಿಂಬೆಲ್ಲಿ?" ಎಂದರು. "ಹಾಡೋಕೆ ಹೋಗಿದೆ" ಎಂದೆ. ಅಂದಿನಿಂದ ಮಡಿಸಿದ ಹೊದಿಕೆಯ ಮೇಲೆ ತಲೆಯಿಟ್ಟು, ಬೆಳಗ್ಗೆ ಎದ್ದರೆ ಕತ್ತು ಒಂದು ಕಡೆ, ಕೋಪ ಒಂದು ಕಡೆ.

ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮಾತು. ಒಳ್ಳೆಯ ಪೆಟ್ಟಿಗೆ ತಾನು ಹಾಡಬಾರದು. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆಯೇ ಇದನ್ನೂ ತಟ್ಟಬೇಕು. ಮಡಕೆ ಠಣ್ ಎಂದರೆ ಒಳ್ಳೆಯದು, ಪೆಟ್ಟಿಗೆ ಠಣ್ ಎಂದರೆ ಕೆಟ್ಟದ್ದು. ಅದು ಗಟ್ಟಿಯಾಗಿ, ಅಲುಗದೆ, ದನಿಗೆ ಜಾಗ ಮಾಡಿಕೊಟ್ಟು ನಿಂತಿರಬೇಕು. ಕವಿತೆಯಲ್ಲಿ ಎರಡು ಸಾಲಿನ ನಡುವೆ ಇರುವ ಖಾಲಿಯ ಹಾಗೆ ಎಂದುಕೊಂಡೆ. ನಿನ್ನ ಭಾವನಿಗೆ ಹೇಳಿದರೆ, "ಈ ಮನೇಲಿ ಒಬ್ರಾದ್ರೂ ಸುಮ್ನಿರೋದು ಕಲಿತ್ರಲ್ಲ" ಎಂದರು. ನಕ್ಕೆವು. ಈಗ ಇದನ್ನು ನಿನಗೆ ಬರೆಯುವಾಗ ಕೈ ನಿಂತಿತು, ಹೊಡೆದುಹಾಕಲೇ ಎಂದು. ಹಾಕಲಿಲ್ಲ. ನಿನ್ನ ಮುಂದೆ ಮಾತನ್ನು ಸೋಸಿ ಸೋಸಿ ಆಡುವ ಅಕ್ಕ ನಿನಗೂ ಬೇಡ ಅಲ್ಲವಾ?

ಪೆಟ್ಟಿಗೆಗಳೆರಡೂ ಈಗ ನಡುಮನೆಯಲ್ಲಿ ನಿಂತಿವೆ. ಊರವರ ಹಾಡುಗಳನ್ನೆಲ್ಲ ಹಾಕಿ ಕೇಳಿದ್ದಾಯಿತು. ತಂತಿ ಮೀಟುವ ಮುಂಚೆ ಉಗುರು ತಾಗುವುದೂ ಕೇಳಿಸುತ್ತದೆ, ಹಾಡುವವರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ಎದುರುಮನೆಯಾಕೆ ಸ್ಟೂಲು ಸಮೇತ ಬಂದು ಕೂತು, "ನಾಯಿಮರಿಗಿಂತ ವಾಸಿ" ಎಂದು ತೀರ್ಪು ಕೊಟ್ಟರು. ನಮ್ಮ ಟೇಪು ಹೇಗೆ ಕೇಳಿಸಿತು ಎಂದು ಮಾತ್ರ ಈಗ ಕೇಳಬೇಡ.

ನೀನು ಬಂದರೆ ಯಾರೂ ನಿನ್ನ ಬಾಯಿ ನೋಡುವುದಿಲ್ಲ, ಎಲ್ಲರೂ ಪೆಟ್ಟಿಗೆ ನೋಡುತ್ತಾ ಕೂರುತ್ತೇವೆ. ಹಾಡು ಕೇಳುವ ಮನೆಯಲ್ಲಿ ಮಾತಾಡುವವರೇ ಅಪರಾಧಿಗಳು. ನಿನ್ನ ಪಿಸುಮಾತು ಸಾಕು, ಅದೂ ಬೇಡವೆಂದರೆ ಚಿವುಟು. ಚಿಕ್ಕಂದಿನಲ್ಲಿ ಅದೇ ತಾನೇ ನಿನ್ನ ಭಾಷೆ?

ಔಷಧಿ ತಪ್ಪಿಸಬೇಡ. ನಿನ್ನ ಯಜಮಾನರಿಗೆ ನನ್ನ ನೆನಪು ಹೇಳು, ಫೋನು ಎತ್ತಿ ಎತ್ತಿ ಸೋತಿದ್ದಾರೆ. ನಿನ್ನ ಹೊಟ್ಟೆ ತಣ್ಣಗಿರಲಿ, ಗಂಟಲಿನ ನೋವೆಲ್ಲ ನನ್ನ ಶತ್ರುಗಳಿಗೆ ಹೋಗಲಿ. ನೂರು ಕಾಲ ನಗುನಗುತ್ತಾ ಬಾಳು.

ಇಂತಿ,
ನಿನ್ನ ಬಡಗಿ ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಎಡಗಡೆಯ ಪೆಟ್ಟಿಗೆ ಮೊದಲು ಮುಗಿಯಿತು. ಬಲಗಡೆಯದು ಇನ್ನೂ ಒಣಗುತ್ತಿತ್ತು. ಆತುರ ತಡೆಯದೆ ನಮ್ಮ ಟೇಪು ಹಾಕಿಬಿಟ್ಟೆ. ನನ್ನ ದನಿ ಬಂತು, ಒಂದು ಸಾಲು ಕೇಳಿತು. ಆಮೇಲೆ ಬರೀ ಟೇಪು ಓಡುವ ಸದ್ದು. ಎಲ್ಲೋ ಹಾಸಿಗೆಯಾಚೆ ನೀನು ಇರುವ ಹಾಗೆ, ಪದ ತಿಳಿಯದಷ್ಟು ಸಣ್ಣಗೆ. ಮತ್ತೆ ನನ್ನ ಸಾಲು, ಮತ್ತೆ ಖಾಲಿ. ಹಾಡು ಮುಗಿಯುವವರೆಗೂ ನಾನೊಬ್ಬಳೇ ಕೇಳುತ್ತಾ ಹೋದೆ. ಎದ್ದು ನಿಲ್ಲಿಸಲೂ ಆಗಲಿಲ್ಲ.

ಬಲಗಡೆಯದಕ್ಕೂ ತಂತಿ ಜೋಡಿಸಿ ಬಹಳ ದಿನವಾಯಿತು. ಆ ಟೇಪನ್ನು ಮತ್ತೆ ಹಾಕಿಲ್ಲ. ನಿನ್ನ ಭಾವ ಎರಡು ಸಲ ಕೈಗೆತ್ತಿಕೊಂಡರು, ನನ್ನ ಮುಖ ನೋಡಿ ಇಟ್ಟರು. ನೀನಿಲ್ಲದೆ ಆ ದನಿ ಕೇಳಿದರೆ ಇಲ್ಲವಾದವರ ದನಿ ಕೇಳಿದ ಹಾಗಾಗುತ್ತದೆ ಕಣೇ. ನೀನು ಪಕ್ಕದಲ್ಲಿ ಕೂತು ಚಿವುಟುತ್ತಿದ್ದರೆ ಅದು ಬರೀ ಒಂದು ಹಳೆಯ ಹಾಡು.

ಬಾ. ಬರುವಾಗ ಒಂದು ದಿಂಬು ತಾ, ನಿನ್ನ ಭಾವನಿಗೆ.