ಹೆರಿಗೆಗೆ ಹೋದವಳ ಕೆಲಸ ಎಲ್ಲಿ ಹೋಯಿತು?

ಕಾಲೇಜು ಶಿಕ್ಷಣ ಇಲಾಖೆಯಲ್ಲಿ ಅತಿಥಿ ಉಪನ್ಯಾಸಕರ ಕಡತಗಳನ್ನು ಕಾಯುತ್ತಿರುವ ಮಾನ್ಯರೇ,

ನನ್ನ ಹೆಂಡತಿ ನಯನಾ ಮಗು ಹೆತ್ತಳೆಂಬ ಕಾರಣಕ್ಕೆ ತಮ್ಮ ಕಚೇರಿ ಅವಳ ಕೆಲಸ ಕಿತ್ತುಕೊಂಡಿದೆ. ಆ ಮಗುವಿನ ತಂದೆಯಾಗಿ ಅಪರಾಧದಲ್ಲಿ ನನ್ನ ಪಾಲೂ ಇರುವುದರಿಂದ ಈ ಪತ್ರ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಯನಾ ನಮ್ಮ ಬೆಟ್ಟದ ಪದವಿ ಕಾಲೇಜಿನಲ್ಲಿ ವರ್ಷಗಳಿಂದ ಇತಿಹಾಸ ಕಲಿಸುತ್ತಿದ್ದವಳು. ನಾನು ವನಗೂರಿನಿಂದ ಜೀಪು ಓಡಿಸುವವನು. ಕಾಫಿ ಎಸ್ಟೇಟಿನ ಕೂಲಿ ಲೈನುಗಳ ಮಕ್ಕಳನ್ನೂ ಅವರ ಮೇಡಮ್ಮನ್ನೂ ಒಂದೇ ಜೀಪಿನಲ್ಲಿ ಕಾಲೇಜಿಗೆ ತಲುಪಿಸುತ್ತಿದ್ದೆ. ತಾವು ಅವಳನ್ನು 'ಅತಿಥಿ' ಎಂದು ಕರೆದಿರಿ. ತಮ್ಮ ಮನೆಗೆ ಬಂದ ಅತಿಥಿಯಿಂದ ಅಡುಗೆ ಮಾಡಿಸಿ, ಪಾತ್ರೆ ತೊಳೆಸಿ, ಆಮೇಲೆ ಹೊರಗಟ್ಟುವುದು ರೂಢಿಯೇ? ಉತ್ತರಿಸಬೇಕಾಗಿಲ್ಲ, ಮನೆಯವರಿಗೆ ಮುಜುಗರವಾದೀತು.

ತುಂಬು ಬಸುರಿಯಾದಾಗ ಅವಳು ರಜೆ ಕೇಳಿದಳು. ಅತಿಥಿಗಳಿಗೆ ರಜೆಯಿಲ್ಲ, ಬಾರದಿದ್ದರೆ ಬೇರೆಯವರು ಬರುತ್ತಾರೆ ಎಂದು ತಮ್ಮ ಕಚೇರಿಯಿಂದ ಫೋನಿನಲ್ಲೇ ಉತ್ತರ ಬಂತು. ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದಾಗ, ಏನೂ ಕೇಳಿಸುತ್ತಿಲ್ಲವೆಂದು ಫೋನಿಟ್ಟರು. ಪ್ರಾಂಶುಪಾಲ ಮೃತ್ಯುಂಜಯ ಸರ್ ಒಳ್ಳೆಯವರು, ಹೆಸರಿಗೆ ತಕ್ಕ ಧೈರ್ಯ ಮಾತ್ರ ಇಲ್ಲ. ಆದಷ್ಟು ದಿನ ಬರಲು ಹೇಳಿ ತಲೆ ತಗ್ಗಿಸಿದರು. ಅವಳು ಹೋದಳು. ಒಂದು ಮಧ್ಯಾಹ್ನ ತರಗತಿಯಲ್ಲೇ ನೋವು ಕಾಣಿಸಿಕೊಂಡಿತು. ಕ್ಯಾರಲ್ ಎಂಬ ವಿದ್ಯಾರ್ಥಿನಿ ನನಗೆ ಫೋನ್ ಮಾಡಿ, ನಯನಾಳ ತೋಳು ಹಿಡಿದು ಗೇಟಿನವರೆಗೆ ನಡೆಸಿಕೊಂಡು ಬಂದು, ತಾನೂ ಜೀಪು ಹತ್ತಿದಳು. ಇಳಿಜಾರಿನ ತಿರುವುಗಳಲ್ಲಿ ಜೀಪನ್ನು ಆದಷ್ಟು ಮೆಲ್ಲಗೆ ಇಳಿಸಿದೆ. ಹಿಂದಿನ ಸೀಟಿನಲ್ಲಿ ನಯನಾ ನರಳುತ್ತಲೇ, ಉಳಿದ ಪಾಠವನ್ನು ಹೇಗೆ ಓದಿಕೊಳ್ಳಬೇಕೆಂದು ಕ್ಯಾರಲ್‌ಗೆ ಹೇಳುತ್ತಿದ್ದಳು. ಸಕಲೇಶಪುರದ ಆಸ್ಪತ್ರೆ ತಲುಪಿದ ಸ್ವಲ್ಪ ಹೊತ್ತಿಗೆ ಮಗಳು ಹುಟ್ಟಿದಳು.

ಬಾಣಂತನ ಮುಗಿಸಿ ಹೋದಾಗ ಅವಳ ತರಗತಿಯಲ್ಲಿ ಆಲೂರಿನ ರಾಜೇಶ್ ಪಾಠ ಮಾಡುತ್ತಿದ್ದ. ಅವನೂ ಅತಿಥಿಯೇ. ಯಾರ ಜಾಗಕ್ಕೆ ಬಂದಿದ್ದೇನೆಂದು ಪಾಪ, ಅವನಿಗೂ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಕೆಲಸ ಬಿಟ್ಟು ನಮ್ಮ ಮನೆಗೆ ಬಂದು, ಅಕ್ಕನ ಅನ್ನ ತಾನು ತಿನ್ನುವುದಿಲ್ಲ ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ತಾವು ನಯನಾಳನ್ನು ಕರೆಯಲಿಲ್ಲ, ಬೇರೆ ಯಾರನ್ನೂ ಕಳಿಸಲಿಲ್ಲ. ಮಕ್ಕಳು ದಿನಾ ಖಾಲಿ ಕೋಣೆಯಲ್ಲಿ ಕುಳಿತು ಎದ್ದು ಬಂದರು. ಕೊನೆಗೆ ನಯನಾ ಮಗುವನ್ನು ನನ್ನ ಕೈಗಿತ್ತು ರಾಜೇಶನಿಗೆ ಫೋನ್ ಮಾಡಿದಳು.

"ನೀನು ಬುಟ್ಟಿದ್ದಕ್ಕೆ ನನ್ನ ಕೆಲ್ಸ ವಾಪಸ್ ಬರ್ಲಿಲ್ಲ ಕಣೋ. ಹುಡುಗ್ರಿಗೆ ಪರೀಕ್ಷೆ ಹತ್ರ ಐತೆ. ಸುಮ್ನೆ ಹೋಗಿ ಪಾಠ ಮಾಡು."

ನಿಮ್ಮ ಮುಖ ಹೇಗೆ ನೋಡಲಿ ಎಂದು ಅವನು ಕೇಳಿರಬೇಕು.

"ನನ್ ಮುಖ ಆಮೇಲೆ ನೋಡೀಯಂತೆ ಮಾರಾಯ. ಮೊದ್ಲು ಕಾಲೇಜಿಗೆ ಹೋಗು."

ಅವನು ಹೋದ. ನಯನಾ ಮಗುವನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡಳು.

ಮಾನ್ಯರೇ, ತಾವು ಮಾಡಬೇಕಿದ್ದ ಕೆಲಸವನ್ನು ಕೆಲಸವಿಲ್ಲದವಳೊಬ್ಬಳು ಮಾಡಿದಳು. ಅದೇ ಕಾಲೇಜಿನಲ್ಲಿ ಇತಿಹಾಸದ ಇನ್ನೊಂದು ಹುದ್ದೆ ಬಹುಕಾಲದಿಂದ ಖಾಲಿಯಿದೆ. ಅಲ್ಲಿ ಸದ್ಯ ಕಪ್ಪುಹಲಗೆಯೇ ಪ್ರಭಾರದಲ್ಲಿದೆ. ರಾಜೇಶನನ್ನು ಕದಲಿಸದೆ ನಯನಾಳನ್ನು ವಾಪಸ್ ಕರೆಯಿರಿ. ಮುಂದೆ ಬಸುರಿಯಾಗುವ ಯಾವ ಉಪನ್ಯಾಸಕಿಯೂ ಕೆಲಸ ಕಳೆದುಕೊಳ್ಳುವುದಿಲ್ಲವೆಂದು ಬರವಣಿಗೆಯಲ್ಲಿ ಕೊಡಿ. ಇಲ್ಲವಾದರೆ ಮಗಳನ್ನು ಕರೆದುಕೊಂಡು ತಮ್ಮ ಕಚೇರಿಗೇ ಬರುತ್ತೇವೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರೆ ನಾವು ಸುಮ್ಮನಾಗುತ್ತೇವೆ, ಮಗಳು ಆಗುವುದಿಲ್ಲ.

ಇಂತಿ,
ಹೆಂಡತಿಗೆ ಹೇಳದೆ ಇದನ್ನು ಬರೆದು, ಪತ್ರಿಕೆಯಲ್ಲಿ ಬಂದ ಮೇಲೆ ಬೈಸಿಕೊಳ್ಳಲಿರುವ
ಜಯಕುಮಾರ್, ವನಗೂರು