ಎದುರು ಗೋಡೆಯ ಎರಡು ಸಾಲು

ನೊಣವಿನಕೆರೆ

ಕಾಯಿತುರಿ ಪ್ಯಾಕೆಟ್ ಕಂಪನಿಯ ಜಾಹೀರಾತು ವಿಭಾಗದ ಸಮಸ್ತ ಮಹನೀಯರಿಗೆ,

ಪರರ ಮನಸ್ಸಿನ ಪಾತಾಳ ಕಂಡ ಪಂಡಿತೋತ್ತಮರೇ, ತೆಂಗಿನ ಸೀಮೆಯ ನಮಸ್ಕಾರ.

ಅಟ್ಟದ ತುಂಬ ಕೊಬ್ಬರಿ ಇರುವ ಊರಿಗೆ ಕಾಯಿತುರಿ ಮಾರಿದಿರಿ, ಭಲೇ! ಅದಕ್ಕೆ ಮುಂಚೆ ಇಲ್ಲಿನ ಸೊಸೆಯರನ್ನು ಕೂರಿಸಿ, ಟೀ ಕೊಟ್ಟು, ಅವರ ಅಳುಕೇನೆಂದು ಕೇಳಿ ಬರೆದುಕೊಂಡಿರಿ. ವಯಸ್ಸಾದ ಅತ್ತೆ ಕಾಯಿ ತುರಿಯುವುದನ್ನು ನೋಡಿದರೆ ಅವರಿಗೆ ಸಂಕೋಚವಂತೆ. ಹುಣ್ಣು ಹುಡುಕಿ ಕೆರೆಯುವುದು, ಮುಲಾಮು ಮಾರಿ ಮೆರೆಯುವುದು. ಇದಕ್ಕೆ ಮನಶ್ಶಾಸ್ತ್ರ ಅಂತ ಹೆಸರು ಬೇರೆ! ನಮ್ಮ ಮನೆಯ ಎದುರು ಗೋಡೆಗೆ ಬರೆಸಿದಿರಿ:

ಅತ್ತೆಯ ಕೈಗೆ ಏಕೆ ತುರಿಮಣೆ?
ಪ್ಯಾಕೆಟ್ ತಂದರೆ ನಗುವುದು ಮನೆ.

ನನ್ನ ಹೆಂಡತಿ ಗಂಗಲಕ್ಷ್ಮಿ ಓದಿದಳು, ತಂದಳು. "ನೀವಿನ್ನು ಸುಮ್ಕೆ ಕುಂತ್ಕಳಿ ಅತ್ತೆ" ಎಂದು ತುರಿಮಣೆಯನ್ನು ಅಟ್ಟಕ್ಕೆ ಹಾಕಿದಳು. ನಮ್ಮವ್ವ ಭೈರಮ್ಮ ಈಗ ಜಗಲಿಯಲ್ಲಿ ಕೂತು ದಿನವಿಡೀ ಆ ಗೋಡೆಯನ್ನೇ ಓದುತ್ತಾಳೆ. "ಎಲ್ಲಾ ಕೆಲ್ಸನೂ ಕೈ ಬುಟ್ಟೋಗಿತ್ತು, ಕಾಯಿ ತುರ್ಯೋದೊಂದು ಉಳ್ದಿತ್ತು ಕಣಪ್ಪ. ಅದ್ನೂ ಈ ಗೋಡೆ ಕಿತ್ಕಂತು" ಎಂದಳು. ಎರಡು ವಾರದಿಂದ ಅರ್ಧ ಮುದ್ದೆಗೇ ಏಳುತ್ತಾಳೆ.

ನಗುವ ಮನೆ ಇದೇ ತಾನೇ, ಪಂಡಿತರೇ?

ದಯವಿಟ್ಟು ಆ ಗೋಡೆಗೆ ಸುಣ್ಣ ಹೊಡೆಯಲು ಒಪ್ಪಿಗೆ ಕೊಡಿ. ಸುಣ್ಣ ನನ್ನದು, ಕೂಲಿಯೂ ನನ್ನದೇ.

ನಿನ್ನೆ ಅವ್ವ ಕೇಳಿದಳು: "ಇದ್ನ ಬರ್ದೋನ್ಗೆ ತಾಯಿ ಇಲ್ವೇನ್ಲಾ?"

ಇದ್ದಾಳೆ, ಪಂಡಿತರೇ. ನಿಮ್ಮ ಪ್ರಾಸದ ಸ್ಪರ್ಧೆಗೆ ಆ ಎರಡು ಸಾಲು ಬರೆದು ಕಳಿಸಿದವನು ನಾನೇ.

ಇಂತಿ,
ಮೊದಲ ಬಹುಮಾನದ ರೇಣುಕಪ್ರಸಾದ್, ಬಿ.ಎ.