ಕೊನೆಯ ಚೌಕದ ಕುದುರೆ

ಮಂಗಳವಾರ, ಸಂಜೆ

ಪ್ರೀತಿಯ ಕಡ್ಡಿ,

ನಿನ್ನ ಲಕೋಟೆ ನಿನ್ನೆ ತಲುಪಿತು. ಎಂದಿನಂತೆ ಚಿತ್ರಕಥೆಯ ಚೌಕಗಳೆಲ್ಲ ಮುಗಿದಿವೆ, ಮಾತಿನ ಗುಳ್ಳೆಗಳು ಖಾಲಿ, ನಾನು ತುಂಬಬೇಕಾದ ಮಾತುಗಳು ಬೇರೆ ಚೀಟಿಯಲ್ಲಿ. ಹದಿನೇಳು ವರ್ಷದಿಂದ ನೀನು ಬಿಡಿಸುತ್ತೀಯ, ನಾನು ಅಕ್ಷರ ಬರೆದು ಗುರುವಾರ ಮಧ್ಯಾಹ್ನದೊಳಗೆ ಪತ್ರಿಕೆಯ ಕಚೇರಿಗೆ ಮುಟ್ಟಿಸುತ್ತೇನೆ. ಈ ಸಲ ಕೊನೆಯ ಚೌಕಕ್ಕೆ ಬಂದಾಗ ಲೇಖನಿ ಕೆಳಗಿಟ್ಟೆ. ಎದ್ದು ಹೋಗಿ ಮುಖ ತೊಳೆದು ಬಂದೆ.

ಈ ಕಥೆಯನ್ನು ನೀನು ಮೊದಲು ಹೇಳಿದಾಗ ಎಷ್ಟು ನಕ್ಕಿದ್ದೆ! ಸರ್ಕಲ್ಲಿನ ಕಂಚಿನ ಸೇನಾಪತಿ ಕುದುರೆಯಿಂದಿಳಿದು, ಮೈಮೇಲಿನ ಪಾರಿವಾಳದ ಹಿಕ್ಕೆ ಒರೆಸುವವರನ್ನು ಹುಡುಕುತ್ತ ಬಾಗಿಲು ಬಾಗಿಲು ಬಡಿಯುತ್ತಾನೆ. ಒಂದೂ ತೆರೆಯುವುದಿಲ್ಲ. ಆ ಬೀದಿಯವರನ್ನೆಲ್ಲ ಗೋದಾಮಿಗೆ ನೂಕಿ, ಬೀಗ ಜಡಿದು ಬೆಂಕಿ ಇಡಿಸಿದವನು ಅವನೇ ತಾನೆ! ವಾಪಸು ಬಂದರೆ ಕುದುರೆಗೂ ಹೇಸಿಗೆಯಾಗಿ ಎಲ್ಲೋ ಹೊರಟುಹೋಗಿದೆ. ಕೊನೆಯ ಚೌಕದಲ್ಲಿ ಮಹಾಶಯ ಕಾಲಗಲಿಸಿಕೊಂಡು ಬರೀ ಗಾಳಿಯನ್ನು ಸವಾರಿ ಮಾಡುತ್ತಿದ್ದಾನೆ.

ಈಗ ಅದರ ಮೇಲೆ ಹೊಸ ತುಂಡು ಅಂಟಿಸಿದ್ದೀಯ. ಅದರಲ್ಲಿ ಕುದುರೆ ಮರಳಿ ಬಂದು ಅವನನ್ನು ಹೊತ್ತು ತಲೆಯೆತ್ತಿ ನಿಂತಿದೆ. ಚೀಟಿಯಲ್ಲಿ ನಾನು ಬರೆಯಬೇಕಾದ ಮಾತು: ‘ಇತಿಹಾಸಕ್ಕೆ ಎರಡು ಮುಖ.’ ಥೂ! ಬೆಂಕಿ ಇಟ್ಟವನಿಗೂ ಬೆಂದವರಿಗೂ ಸಮಪಾಲೇನೋ?

ಭಾನುವಾರ ಫೋನಿನಲ್ಲಿ ನೀನಂದೆ, ‘ಅಕ್ಕಾ, ಮಕ್ಕಳಿದ್ದಾರೆ ಕಣೇ. ಒಂದು ಕುದುರೆ ವಾಪಸ್ ಬಂದ್ರೆ ಯಾರ ಗಂಟು ಹೋಗುತ್ತೆ?’ ಎಂದು. ಯಾರೋ ಪತ್ರಿಕೆಯ ಕಚೇರಿಯ ಕಿಟಕಿ ಗಾಜು ಒಡೆದ ಮೇಲೆ ಸಂಪಾದಕರೂ ‘ಸ್ವಲ್ಪ ಮೆತ್ತಗೆ ಮಾಡಿ’ ಅಂದರಂತೆ. ನಿನ್ನ ಭಯ ನನಗೆ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡ. ಪ್ರತಿಮೆಗೆ ಕಾವಲು ನಿಲ್ಲುವ ಆ ಕಪ್ಪು ಜಾಕೆಟ್ಟಿನವರು ಇಲ್ಲೂ ಇದ್ದಾರೆ. ನಮ್ಮ ಮೂಲೆಯ ಔಷಧಿ ಅಂಗಡಿಯವನೂ ಈಗ ಅದನ್ನೇ ತೊಡುತ್ತಾನೆ. ಮೊನ್ನೆ ನನ್ನ ಮಾತ್ರೆ ಪೊಟ್ಟಣ ಕಟ್ಟುತ್ತ, ‘ನಿಮ್ಮ ತಮ್ಮನ ಕೈ ಬಹಳ ಚೆನ್ನಾಗಿದೆ ಮೇಡಂ, ಜೋಪಾನವಾಗಿ ಇಟ್ಕೊಳ್ಳೋಕೆ ಹೇಳಿ’ ಅಂದ. ನಗುತ್ತಲೇ ಅಂದ. ನಾನೂ ಹಲ್ಲು ಕಿರಿದು ಚಿಲ್ಲರೆ ತೆಗೆದುಕೊಂಡು ಬಂದೆ. ಆ ನಗು ನೆನೆದರೆ ನನ್ನ ಮೇಲೇ ಅಸಹ್ಯ.

ನಿನಗೆ ಹೇಳದ ಒಂದು ಸಂಗತಿ ಇದೆ. ಆ ಗೋದಾಮಿಗೆ ಬೆಂಕಿ ಬಿದ್ದಾಗ ನೀನಿನ್ನೂ ಹುಟ್ಟಿರಲಿಲ್ಲ, ನನಗೆ ಒಂಬತ್ತು. ಆ ಬೀದಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನ ಮಗಳು ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಮರುದಿನದಿಂದ ಅವಳ ಜಾಗದಲ್ಲಿ ನನ್ನ ಚೀಲ ಇಟ್ಟುಕೊಂಡೆ. ಮುಂದಿನ ವರ್ಷ ಪ್ರತಿಮೆಯ ಪರದೆ ಸರಿಸುವ ದಿನ ನಮ್ಮನ್ನೆಲ್ಲ ಸಾಲಾಗಿ ಕರೆದೊಯ್ದರು. ಮೊದಲ ಸಾಲಿನಲ್ಲಿ ನಿಂತು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಚೆನ್ನಾಗಿ ತಟ್ಟಿದೆ ಎಂದು ಟೀಚರ್ ಬೆನ್ನು ಸವರಿದರು. ಆಮೇಲೆ ಎಷ್ಟು ಇತಿಹಾಸದ ಪುಸ್ತಕ ಓದಿದರೂ ಆ ಬೆಂಚಿನ ಲೆಕ್ಕ ಅವುಗಳಲ್ಲಿ ಸಿಗಲಿಲ್ಲ. ನಿನ್ನ ಚಿತ್ರದ ಮುಚ್ಚಿದ ಬಾಗಿಲುಗಳಲ್ಲಿ ಸಿಕ್ಕಿತು.

ಕೆಟಲ್ಲಿನ ಹಬೆಗೆ ಹಿಡಿದು ನಿನ್ನ ತುಂಡನ್ನು ಎಬ್ಬಿಸಿದೆ. ಕೆಳಗಿನ ಚಿತ್ರಕ್ಕೆ ಒಂದು ಗೀರೂ ಆಗಿಲ್ಲ. ಒಂದೇ ಕೇಳುತ್ತೇನೆ: ಹೊಸ ಹಾಳೆಯಲ್ಲಿ ಬಿಡಿಸಬಹುದಿತ್ತು, ಹಳೆಯದರ ಮೇಲೆ ಅಂಟಿಸಿ ನನಗೇ ಯಾಕೆ ಕಳಿಸಿದೆ? ಸೋಮಾರಿತನ ಅನ್ನಬೇಡ, ನಾನು ನಂಬುವುದಿಲ್ಲ.

ಎರಡೂ ಈಗ ನನ್ನ ಮೇಜಿನ ಮೇಲಿವೆ. ಯಾವುದು ಹೋಗಬೇಕೆಂದು ಯೋಚಿಸಿ ಹೇಳು. ಮಕ್ಕಳನ್ನು ಕೇಳಿದೆನೆಂದು ತಿಳಿಸು.

ನಿನ್ನ ಮೇಲೆ ಕೋಪವೂ ಅಕ್ಕರೆಯೂ ಇರುವ,
ಅಕ್ಕ

ತಾ.ಕ.: ಮೇಲೆ ಸುಳ್ಳು ಬರೆದೆ. ಮೇಜಿನ ಮೇಲಿರುವುದು ನೀನು ಅಂಟಿಸಿದ ತುಂಡು ಮಾತ್ರ. ಪುಟವನ್ನು ಇವತ್ತು ಬೆಳಿಗ್ಗೆಯೇ ಕಚೇರಿಗೆ ಕೊಟ್ಟುಬಂದೆ, ಕುದುರೆಯಿಲ್ಲದ ಪುಟವನ್ನು. ಸಂಪಾದಕರು ಬಹಳ ಹೊತ್ತು ನೋಡಿ, ‘ಯಾರಾದರೂ ಜವಾಬ್ದಾರಿ ಹೊರಬೇಕಲ್ಲ’ ಅಂದರು. ಅಲ್ಲೇ ಕೂತು ಮೂಲೆಯಲ್ಲಿದ್ದ ನಿನ್ನ ರುಜುವಿಗೆ ಬಿಳಿ ಬಣ್ಣ ಬಳಿದೆ. ಕೆಳಗೆ ನನ್ನ ಪೂರ್ತಿ ಹೆಸರು, ಮನೆಯ ವಿಳಾಸ ಬರೆದೆ. ಗುರುವಾರ ಮಧ್ಯಾಹ್ನದವರೆಗೆ ಸಮಯವಿದೆ. ನಿನ್ನ ಹೆಸರು ಬೇಕೆನಿಸಿದರೆ ನೀನೇ ಬಂದು ಬರಿ. ಅದೊಂದನ್ನು ನಾನು ಬರೆದುಕೊಡುವುದಿಲ್ಲ.